ಕಾಗೆಗಳಿಲ್ಲದೆ ಡಂಬೋ ಹಾರುವುದೆಂತು?

ದೊಡ್ಡ ಕಿವಿಗಳ ದೆಸೆಯಿಂದ ಸರ್ಕಸ್ಸಿನ ಸಮಸ್ತರ ತಿರಸ್ಕಾರಕ್ಕೂ ಗುರಿಯಾದ ಆನೆಮರಿಯೊಂದು, ಕಡೆಗೆ ಆ ಕಿವಿಗಳನ್ನೇ ರೆಕ್ಕೆಗಳನ್ನಾಗಿ ಮಾಡಿಕೊಂಡು ಆಕಾಶಕ್ಕೇರುವ ಕಥೆಯನ್ನು ಹೇಳುವ ‘ಡಂಬೋ’ ಎಂಬ ಅನಿಮೇಷನ್ ಚಿತ್ರವನ್ನು ಡಿಸ್ನಿಯ ಚಿತ್ರಶಾಲೆ 1941ರಲ್ಲಿ ಹೊರತಂದಿತು. ಬಂಧನದಲ್ಲಿರುವ ತಾಯಾನೆ ಕಿಟಕಿಯ ಸರಳುಗಳ ಎಡೆಯಿಂದ ಸೊಂಡಿಲನ್ನಷ್ಟೇ ಹೊರಚಾಚಿ ಮರಿಯನ್ನು ತೂಗುವ ಒಂದು ದೃಶ್ಯಕ್ಕಾಗಿಯಾದರೂ ಈ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದು ವಾದಿಸುವವರಲ್ಲಿ ನಾನೂ ಒಬ್ಬ. ಕೈಯಿಂದ ಬರೆದ ಗೆರೆಗಳು ವಾತ್ಸಲ್ಯವನ್ನು ಇದಕ್ಕಿಂತ ಮಿಗಿಲಾಗಿ ಹಿಡಿದಿಟ್ಟದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಅದೇ ಚಿತ್ರದಲ್ಲಿ, ಸುರಿಯುವ ಮಳೆಯ ಕತ್ತಲೆಯಲ್ಲಿ ಸರ್ಕಸ್ಸಿನ ಡೇರೆಯನ್ನೆತ್ತುವ ಕೂಲಿಗಳೆಲ್ಲರೂ ಕರಿಯರು. ಆನೆಗೆ, ಇಲಿಗೆ, ಕಡೆಗೆ ರೈಲಿನ ಎಂಜಿನ್ನಿಗೆ ಕೂಡ ಮುಖವನ್ನು ಕೊಟ್ಟ ಕಲಾವಿದರು ಈ ಮನುಷ್ಯರಿಗೆ ಮಾತ್ರ ಅದನ್ನು ಕೊಡಲಿಲ್ಲ. ದುಡಿದ ಕೂಲಿಯನ್ನು ಪೋಲುಮಾಡುವ ನಿಶ್ಚಿಂತರು ತಾವೆಂದು ಅವರು ತಮ್ಮ ಬಾಯಿಂದಲೇ ಹಾಡಿಕೊಳ್ಳುವಂತೆ ಮಾಡಿರುವುದು ಇದಕ್ಕಿಂತ ಕಠೋರವಾದುದು.

ಕಾಗೆಗಳ ಪ್ರಸಂಗದ ತೊಡಕು ಇನ್ನೂ ಆಳವಾದುದು. ಕೊಂಬೆಯ ಮೇಲೆ ಕುಳಿತ ಐದು ಕಾಗೆಗಳು ಅಮೆರಿಕದ ಕರಿಯರ ಮಾತಿನ ಧಾಟಿಯಲ್ಲಿ ನಗೆಯಾಡುತ್ತವೆ. ಅವುಗಳ ನಾಯಕನಿಗೆ ದನಿ ಕೊಟ್ಟವನು ಕ್ಲಿಫ್ ಎಡ್ವರ್ಡ್ಸ್ ಎಂಬ ಬಿಳಿಯ ನಟ. ಉಳಿದವುಗಳಿಗೆ ಬಹುಮಟ್ಟಿಗೆ ದನಿಯಾದವರು ಹಾಲ್ ಜಾನ್ಸನ್ ಗಾಯಕವೃಂದದ ಕರಿಯ ಕಲಾವಿದರು. ಆ ನಾಯಕನಿಗೆ ಚಿತ್ರಶಾಲೆಯವರು ಇಟ್ಟ ಹೆಸರು ‘ಜಿಮ್ ಕ್ರೋ’ ಎಂದು. 1830ರ ಸುಮಾರಿಗೆ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸಿ ಕುಣಿದ ಥಾಮಸ್ ರೈಸ್ ಎಂಬ ಬಿಳಿಯ ವಿದೂಷಕನ ಪಾತ್ರದ ಹೆಸರೂ ಅದೇ, ಮುಂದೆ ಕರಿಯರನ್ನು ಬಿಳಿಯರ ಶಾಲೆಯಿಂದ, ರೈಲುಡಬ್ಬಿಯಿಂದ, ನೀರಿನ ನಲ್ಲಿಯಿಂದ ದೂರವಿಟ್ಟ ಶಾಸನಗಳಿಗೆ ಅಂಟಿದ ಹೆಸರೂ ಅದೇ. ಇಷ್ಟನ್ನು ಬಲ್ಲವನು ಈ ದೃಶ್ಯವನ್ನು ಮೊದಲಿನ ನಿಶ್ಚಿಂತೆಯಿಂದ ನೋಡಲಾರ. ಆದರೂ ಇಡೀ ಚಿತ್ರದಲ್ಲಿ ಮೊದಲು ಹೀಯಾಳಿಸಿ, ಬಳಿಕ ಮರಿಯ ದುಃಖವನ್ನು ಕೇಳಿ ಕರಗಿ, ಅದಕ್ಕಾಗಿ ಒಂದು ಗರಿಯನ್ನು ಕೊಟ್ಟು, ಹಾರಬಲ್ಲೆಯೆಂಬ ನಂಬಿಕೆಯನ್ನು ತುಂಬುವವು ಈ ಕಾಗೆಗಳೇ. ಅವಮಾನಿತನ ಸಂಕಟ ಅವಮಾನಿತರಿಗೇ ಅರ್ಥವಾಯಿತೆಂದು ಓದುವುದಕ್ಕೂ ಇಲ್ಲಿ ಅವಕಾಶವುಂಟು. ದೋಷವು ಚಿತ್ರದ ಯಾವುದೋ ಮೂಲೆಯಲ್ಲಿ ಬಿದ್ದಿದ್ದರೆ ಮೂಲೆಯನ್ನು ಗುಡಿಸಿಬಿಡಬಹುದಾಗಿತ್ತು. ಇಲ್ಲಿ ಅದು ರಸದ ಕೇಂದ್ರದಲ್ಲಿಯೇ ಕುಳಿತಿದೆ. 2019ರಲ್ಲಿ ಟಿಮ್ ಬರ್ಟನ್ ಈ ಕಥೆಯನ್ನು ಮತ್ತೆ ಚಿತ್ರವಾಗಿಸಿದಾಗ ಕಾಗೆಗಳನ್ನು ಸಂಪೂರ್ಣವಾಗಿ ಕೈಬಿಟ್ಟರು. ಆಕ್ಷೇಪಕ್ಕೆ ಎಡೆಯಿಲ್ಲದ ಆ ಚಿತ್ರದಲ್ಲಿ ಆನೆ ಹಾರುವುದೇನೋ ಹಾರುತ್ತದೆ, ನೋಡುವವನ ಎದೆ ಮಾತ್ರ ಅದರೊಡನೆ ಮೇಲೇರುವುದಿಲ್ಲ.

ಹಳೆಯ ಚಿತ್ರಗಳ ಒಡೆಯರು ಅನುಸರಿಸಿದ ಮತ್ತೊಂದು ಮಾರ್ಗ ಸದ್ದಿಲ್ಲದ ಕತ್ತರಿಯದು. 1940ರ ‘ಫ್ಯಾಂಟೇಸಿಯಾ’ದಲ್ಲಿ ಬಿಳಿಯ ಕಿನ್ನರಿಯರ ಗೊರಸುಗಳನ್ನು ಒರೆಸುತ್ತಿದ್ದ ಕಪ್ಪು ಬಾಲೆಯೊಬ್ಬಳಿದ್ದಳು, 1969ರ ಮರುಬಿಡುಗಡೆಯ ಹೊತ್ತಿಗೆ ಅವಳು ಮಾಯವಾಗಿದ್ದಳು. ‘ಟಾಮ್ ಅಂಡ್ ಜೆರ್ರಿ’ಯ ಮನೆಗೆಲಸದ ಕಪ್ಪು ಹೆಂಗಸು, ಯಾರ ಮುಖವನ್ನು ಕಾಣಿಸದೆ ಕಾಲು ಮತ್ತು ಪೊರಕೆಗಳನ್ನಷ್ಟೇ ನಮಗೆ ಕಾಣಿಸುತ್ತಿದ್ದರೋ ಆಕೆ, ಅರವತ್ತರ ದಶಕದಲ್ಲಿ ಅಮೆರಿಕದ ಟೆಲಿವಿಷನ್ನಿಗಾಗಿ ಬಿಳಿಯ ಹೆಂಗಸಾಗಿ ಪುನಃ ಚಿತ್ರಿತಳಾದಳು, ಆಕೆಗೆ ಮೂಲದಲ್ಲಿ ದನಿಯಾಗಿದ್ದ ಲಿಲಿಯನ್ ರಾಂಡಾಲ್ಫ್ ಎಂಬ ಕರಿಯ ನಟಿಯ ಕಂಠವನ್ನೂ ಅಳಿಸಿ ಬೇರೊಂದನ್ನು ಸೇರಿಸಿದರು. ಅವಮಾನವನ್ನು ನಿವಾರಿಸುವ ಹೆಸರಿನಲ್ಲಿ ಆ ಕಲಾವಿದೆಗೆ ಇದ್ದ ಒಂದು ಹಿಡಿ ಜಾಗವನ್ನೂ ಕಸಿದುಕೊಂಡದ್ದು ಯಾವ ನ್ಯಾಯವೋ ನಾನರಿಯೆ. ಇಂಥ ಕತ್ತರಿ ಕಾಪಾಡುವುದು ಚಿತ್ರಸಂಸ್ಥೆಯ ಮಾನವನ್ನು. ನೊಂದವರಿಗೆ ಅದರಿಂದ ದೊರೆಯುವುದು, ಅಂಥದೇನೂ ನಡೆದೇ ಇರಲಿಲ್ಲವೆಂಬ ಸುಳ್ಳುಸಾಕ್ಷ್ಯ. 2020ರಲ್ಲಿ ಡಿಸ್ನಿಯವರು ಇಂಥ ಚಿತ್ರಗಳ ಮೊದಲಿಗೆ ತಪ್ಪೊಪ್ಪಿಗೆಯ ಒಕ್ಕಣೆಯೊಂದನ್ನು ಸೇರಿಸಿದ್ದು ಇದಕ್ಕಿಂತ ಮೇಲಾಗಿತ್ತು, ಅದನ್ನು ಓದುವ ಮಗು ಎಲ್ಲಿಯಾದರೂ ಇದ್ದಿದ್ದರೆ.

ಇದೆಲ್ಲ ದೂರದೇಶದ ವ್ಯವಹಾರ, ಸೊರಬದ ಚಂದ್ರಗುತ್ತಿಯ ಬೆಟ್ಟದ ಬುಡದಲ್ಲಿರುವವರಿಗೆ ಇದರ ಗೊಡವೆಯೇತಕ್ಕೆಂದು ಕೇಳುವವರು ನಮ್ಮ ನೆನಪನ್ನು ತುಸು ಕೆದಕಿ ನೋಡಬೇಕು. ಪರಂಪರೆಯನ್ನು ಪ್ರೀತಿಸುತ್ತಲೇ ಅದರೊಳಗಿನ ಅವಮಾನವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಈ ಊರು ತೆತ್ತಷ್ಟು ಬೆಲೆಯನ್ನು ನಾಡಿನಲ್ಲಿ ತೆತ್ತ ಊರುಗಳು ಕಡಮೆ. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಹಾಲಯದವರೆಗೆ ಬತ್ತಲೆಯಾಗಿ ಬರುತ್ತಿದ್ದ ಹರಕೆಯವರಲ್ಲಿ ಬಹುಪಾಲು ಜನ ಕೆಳಗೆ ತುಳಿಯಲ್ಪಟ್ಟ ಜಾತಿಗಳವರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಬಂದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಕಾವಲಿಗಿದ್ದ ಪೊಲೀಸರೂ ಜನಸಮೂಹದ ರೋಷಕ್ಕೆ ಸಿಕ್ಕಿ, ಅವರ ಬಟ್ಟೆಗಳೇ ಸುಲಿಯಲ್ಪಟ್ಟು, ಹೆಣ್ಣುಪೊಲೀಸರನ್ನು ಕೂಡ ಬಿಡದೆ ಮೆರವಣಿಗೆ ಮಾಡಿಸಿದ ಆ ದಿನದ ನಂತರ ವಿಚಾರಣಾ ಆಯೋಗ ಕುಳಿತಿತು, ಬೆತ್ತಲೆ ಸೇವೆ ನಿಷಿದ್ಧವಾಯಿತು. ಆ ನಿಷೇಧ ಯುಕ್ತವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕರಾವಳಿಯಲ್ಲಿ ನವರಾತ್ರಿಯ ಕಾಲಕ್ಕೆ ಕೊರಗರಲ್ಲದವರು ಮೈಗೆ ಮಸಿ ಬಳಿದುಕೊಂಡು ಬೀದಿಬೀದಿ ಕುಣಿಯುತ್ತಿದ್ದ ಕೊರಗ ವೇಷದ ವಿಷಯದಲ್ಲಿಯೂ, ಕೊರಗರನ್ನು ಅಮಾನುಷವಾಗಿ ನಡೆಸಿಕೊಂಡ, 2000ದಲ್ಲಿ ಶಾಸನದಿಂದ ನಿಷಿದ್ಧವಾದ ಅಜಲು ಪದ್ಧತಿಯ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಥಾಮಸ್ ರೈಸ್ ಹಚ್ಚಿಕೊಂಡ ಮಸಿಗೂ ಉಡುಪಿಯ ಬೀದಿಯ ಮಸಿಗೂ ನಾನಂತೂ ಭೇದವನ್ನು ಕಾಣೆ. ಒಬ್ಬನ ಹುಟ್ಟಿನ ಬಣ್ಣವೇ ಇನ್ನೊಬ್ಬನ ಹಬ್ಬದ ವಿನೋದವಾಗುವುದು ಎರಡೂ ಕಡೆಯಲ್ಲಿ ಒಂದೇ ತೆರನಾದುದು.

ಹಾಗಾದರೆ ಚಿತ್ರಗಳನ್ನೂ ನಿಷೇಧಿಸಬೇಡವೆ? ಬೇಡವೆನ್ನುವುದಕ್ಕೆ ಆಧಾರವೂ ಚಂದ್ರಗುತ್ತಿಯಲ್ಲಿಯೇ ಇದೆ. ಸೇವೆಯನ್ನು ನಿಲ್ಲಿಸಿದವರಾರೂ ರೇಣುಕೆಯ ಕಥೆಯನ್ನು ನಿಲ್ಲಿಸಹೊರಡಲಿಲ್ಲ. ಗಂಡನ ಆಜ್ಞೆಯಂತೆ ಮಗನ ಕೊಡಲಿ ತಾಯಿಯ ಕೊರಳಿಗೆ ಬೀಳುವ ಆ ಕಥೆ, ಮರಳಿ ಜೀವ ಬರುವ ಗಳಿಗೆಯಲ್ಲಿ ರೇಣುಕೆಯ ಮತ್ತು ಕೆಳಜಾತಿಯ ಮಾತಂಗಿಯ ಶಿರಗಳು ಅದಲುಬದಲಾದುವೆಂದು ಅನೇಕರ ಬಾಯಲ್ಲಿ ಬೆಳೆದ ಆ ಕಥೆ, ಹೆಣ್ಣಿಗೂ ಕೆಳಜಾತಿಗೂ ಮಾಡಿದ ಅವಮಾನದ ದಾಖಲೆಯೇ ಆಗಿದೆ. ಆದರೂ ಜೋಗತಿಯರು ಅದನ್ನು ಹಾಡುತ್ತಾರೆ, ಕೇಳುವವರು ಕಣ್ಣೀರಿಡುತ್ತಾರೆ, ಅದರಿಂದಲೇ ದಲಿತ ಚಿಂತಕರೂ ಸ್ತ್ರೀವಾದಿಗಳೂ ತಮ್ಮ ಪ್ರಶ್ನೆಗಳನ್ನು ಎತ್ತಿದ್ದಾರೆ. ಆಚರಣೆಯೆಂಬುದು ಪ್ರತಿ ವರ್ಷವೂ ಹೊಸದಾಗಿ ಒಂದು ಜೀವಂತ ದೇಹವನ್ನು ಬೇಡುತ್ತದೆ. ಅದು ನಿಂತರೆ ಒಬ್ಬ ಮನುಷ್ಯ ಆ ವರ್ಷ ಉಳಿದುಕೊಳ್ಳುತ್ತಾನೆ. 1941ರ ಕಾಗೆಗಳು ಇನ್ನಾರ ದೇಹವನ್ನೂ ಬೇಡುವುದಿಲ್ಲ. ಅವು ನೋಡುವ ಮಗುವಿನ ಮನಸ್ಸಿನಲ್ಲಿ ಮತ್ತೆ ಹುಟ್ಟುತ್ತವೆಂಬುದು ನಿಜ, ಆದರೆ ಆ ಮನಸ್ಸಿನೊಡನೆ ನಾವು ಮಾತನಾಡಬಹುದು.

ಮಾತಿನ ಈ ಉಪಾಯವನ್ನು ನಾವು ಅಮೆರಿಕದಿಂದ ತರಿಸಿಕೊಳ್ಳಬೇಕಾಗಿಲ್ಲ. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಪಾನಿನ, ಯೂರೋಪಿನ, ಬಂಗಾಳದ ಮೇರು ಚಿತ್ರಗಳನ್ನು ಅಡಕೆಯ ತೋಟಗಳ ನಡುವಿನ ಜನರ ಮುಂದೆ ತಂದು ನಿಲ್ಲಿಸಿದರು. ಚಿತ್ರವನ್ನು ನೋಡುವುದು, ನೋಡಿದ್ದನ್ನು ಕುರಿತು ಚರ್ಚಿಸುವುದು ಒಂದೇ ಕ್ರಿಯೆಯ ಎರಡು ಭಾಗಗಳೆಂಬ ಶಿಸ್ತು ಮಲೆನಾಡಿನಲ್ಲಿ ಬೇರೂರಿದ್ದು ಅವರಿಂದ. ಅದೇ ನೀನಾಸಂ ಬಳಗ ಎಂಬತ್ತರ ದಶಕದಲ್ಲಿ ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯೊಂದನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿಸಿ, ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿಗಳಿಂದಲೇ ಆಡಿಸಿತು. ಆಫ್ರಿಕದಿಂದ ಬಂದ ಪೂರ್ವಿಕರ ವಂಶದವರಾದ, ಮನೆಯಲ್ಲಿ ಕೊಂಕಣಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುವ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ, ಎಂದರೆ ಇಲ್ಲಿಂದ ಬಹು ದೂರವಲ್ಲದ ನೆರೆಯಲ್ಲಿಯೇ ಬಾಳುತ್ತಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದುದರಿಂದ ‘ಟಾಮ್ ಅಂಡ್ ಜೆರ್ರಿ’ಯಲ್ಲಿ ಸಿಡಿಮದ್ದು ಸಿಡಿದು ಬೆಕ್ಕಿನ ಮುಖ ಕಪ್ಪಾಗಿ, ತುಟಿ ಉಬ್ಬಿ, ಕೂದಲು ಜಡೆಜಡೆಯಾಗಿ ನಿಂತಾಗ ಸೊರಬದ ಮಗುವೊಂದು ಕೇಕೆಹಾಕಿ ನಕ್ಕರೆ, ಆ ನಗೆಯ ಗುರಿ ಸಾವಿರಾರು ಮೈಲಿಯಾಚೆ ಇದೆಯೆಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ, ಅದೇ ಶಾಲೆಯ ಬೆಂಚಿನ ಮೇಲೆ, ಅದೇ ಬಸ್ಸಿನ ಸೀಟಿನ ಮೇಲೆ ಅದು ಕುಳಿತಿರಬಹುದು.

ಒಂದು ವಿಚಿತ್ರವಾದ ಸಂಗತಿಯೂ ಉಂಟು. ಅರವತ್ತರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟು ನಮ್ಮಲ್ಲಿ ನಡೆದುಬಂದಿದ್ದರಿಂದ, ಈ ಚಿತ್ರಗಳ ಮಾತು ನಮ್ಮ ಹಳ್ಳಿಯ ಮಕ್ಕಳ ಕಿವಿಗೆ ಬಹುಕಾಲ ಬರಿಯ ಸದ್ದಾಗಿ ಬಿದ್ದಿತು. ಕಾಗೆಗಳ ಧಾಟಿಯಲ್ಲಿದ್ದ ವಿಷ ಮುಟ್ಟಲಿಲ್ಲ, ರಸದ ಅರ್ಧವೂ ಮುಟ್ಟಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ಕಟ್ಟನ್ನು ಕಾನೂನುಬಾಹಿರವೆಂದು ತೀರ್ಮಾನಿಸಿದ ಮೇಲೆ ಕನ್ನಡದ ದನಿಯಲ್ಲಿ ಪರದೇಶದ ಚಿತ್ರಗಳು ಬರತೊಡಗಿವೆ, ಬರಬೇಕೆಂಬುದೇ ನನ್ನ ಮತವೂ ಹೌದು. ಆದರೆ ಕಳ್ಳನೋ, ಮನೆಯಾಳೋ, ಪೆದ್ದನೋ ತೆರೆಯ ಮೇಲೆ ಬಂದ ಕೂಡಲೇ ಅವನ ಬಾಯಿಗೆ ಉತ್ತರ ಕರ್ನಾಟಕದ ಮಾತನ್ನೋ ಕೇರಿಯ ಮಾತನ್ನೋ ತುರುಕಿ ನಗಿಸುವ ಚಾಳಿ ನಮ್ಮ ಸಿನಿಮಾದಲ್ಲಿ ಹಳೆಯದು. ನಾಯಕನಿಗೆ ಮೈಸೂರಿನ ಶಿಷ್ಟಕನ್ನಡ ಮೀಸಲು. ಡಬ್ಬಿಂಗಿನ ಸಂಭಾಷಣೆ ಬರೆಯುವವನು ಅದೇ ಚಾಳಿಯನ್ನು ಮುಂದುವರಿಸಿದರೆ ಹಾಲಿವುಡ್ಡಿನ ಹಳೆಯ ಅಣಕಕ್ಕೆ ನಮ್ಮ ಜಾತಿಯ, ಪ್ರಾಂತದ ಅಣಕವನ್ನು ಜೋಡಿಸಿದಂತಾಗುತ್ತದೆ. ಕಾಗೆಗಳ ಮಾತು 1941ರಲ್ಲಿಯೇ ಮುದ್ರಿತವಾಗಿ ಮುಗಿದುಹೋಯಿತು. ಕನ್ನಡದ ಕಾಗೆ ಯಾವ ಊರಿನ ಮಾತನ್ನಾಡಬೇಕೆಂಬುದು ಬೆಂಗಳೂರಿನ ಯಾವುದೋ ಧ್ವನಿಮುದ್ರಣ ಕೊಠಡಿಯಲ್ಲಿ ಈಗಷ್ಟೇ ನಿಶ್ಚಯವಾಗಬೇಕಾಗಿದೆ, ಮತ್ತು ಅಲ್ಲಿ ಆ ಊರಿನವರೊಬ್ಬರನ್ನು ಕರೆದು ಕೂರಿಸಿಕೊಂಡು ಹಾಳೆಯನ್ನು ಓದಿ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.