ಮಾಯದ ಐದು ಗಾಯ

ಸತ್ತ ಯೇಸು ಮೂರನೆಯ ದಿನ ಎದ್ದು ಬಂದ ಎಂಬುದು ಕ್ರೈಸ್ತ ನಂಬಿಕೆಯ ತಾಯಿಬೇರು. ನಂಬುವವರು ನಂಬುತ್ತಾರೆ, ಬಿಡುವವರು ಬಿಡುತ್ತಾರೆ. ನನಗೆ ಅದಕ್ಕಿಂತ ವಿಚಿತ್ರವಾಗಿ ಕಾಣುವುದು ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿರುವ ಇನ್ನೊಂದು ಸಂಗತಿ. ಎದ್ದು ಬಂದವನ ಮೈಮೇಲೆ ಗಾಯಗಳು ಹಾಗೇ ಇದ್ದವು. ಬಾಗಿಲು ಭದ್ರಪಡಿಸಿಕೊಂಡು ಕೂತಿದ್ದ ಶಿಷ್ಯರ ನಡುವೆ ಇದ್ದಕ್ಕಿದ್ದಂತೆ ಬಂದು ನಿಲ್ಲಬಲ್ಲ ದೇಹ ಅದು. ಸಾವನ್ನೇ ದಾಟಿದ ಅಂಥ ದೇಹಕ್ಕೆ ಕೈಯ ತೂತು, ಪಕ್ಕೆಯ ಇರಿತ ಮಾಯಿಸಿಕೊಳ್ಳುವುದು ಯಾವ ದೊಡ್ಡ ಕೆಲಸ? ಆದರೂ ಅವು ಮಾಯಲಿಲ್ಲ. ಕ್ರಿಸ್ತನ ಗಾಯಗಳ ಅರ್ಥವನ್ನು ಹುಡುಕಬೇಕಾದದ್ದು ಅವು ಆದ ಶುಕ್ರವಾರದಲ್ಲಿ ಅಲ್ಲ, ಉಳಿದ ಭಾನುವಾರದಲ್ಲಿ ಎಂಬುದು ನನ್ನ ವಾದ.

ಯೇಸುವಿಗೆ ಮೊಳೆ ಹೊಡೆದದ್ದನ್ನು ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ವರ್ಣಿಸುವುದಿಲ್ಲ. ಶಿಲುಬೆಗೆ ಹಾಕಿದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಆ ಕಾಲದವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಗುಲಾಮರಿಗೂ ದಂಗೆಕೋರರಿಗೂ ರೋಮ್ ಕೊಡುತ್ತಿದ್ದ ಈ ಶಿಕ್ಷೆ ನಾಲ್ಕು ಜನ ಓಡಾಡುವ ಕಡೆಯೇ ನಡೆಯುತ್ತಿತ್ತು. 1968ರಲ್ಲಿ ಜೆರುಸಲೇಮಿನ ಒಂದು ಗುಹೆ ಸಮಾಧಿಯಲ್ಲಿ ಅದೇ ಶತಮಾನದ ಒಬ್ಬನ ಹಿಮ್ಮಡಿಯ ಮೂಳೆ ಸಿಕ್ಕಿತು; ತುದಿ ಬಾಗಿದ ಕಬ್ಬಿಣದ ಮೊಳೆ ಇನ್ನೂ ಅದರಲ್ಲೇ ಕಚ್ಚಿಕೊಂಡಿತ್ತು. ಯೇಸುವಿನ ಮಟ್ಟಿಗೆ ಸುವಾರ್ತೆಗಳಲ್ಲಿ ಮೊಳೆಯ ಮಾತೆತ್ತುವವನು ಶಿಷ್ಯರಲ್ಲೊಬ್ಬನಾದ ತೋಮ. ಮೊಳೆಯ ಗುರುತನ್ನು ಕಂಡು, ಮುಟ್ಟಿ ನೋಡದ ಹೊರತು ನಂಬುವುದಿಲ್ಲ ಎಂದು ಅವನು ಹಟ ಹಿಡಿದ. ಅದಕ್ಕಾಗಿ ಸಂಶಯಗಾರನೆಂಬ ಹೆಸರು ಹೊತ್ತ. ಇದು ಅನ್ಯಾಯ, ಉಳಿದವರೂ ಕೈ, ಪಕ್ಕೆ ಕಂಡ ಮೇಲೆಯೇ ಹಿಗ್ಗಿದ್ದು. ತೋಮ ಕೇಳಿದ್ದು ತೇಜಸ್ಸನ್ನಲ್ಲ, ಹೊಸ ಪವಾಡವನ್ನೂ ಅಲ್ಲ. ಗಾಯವಿಲ್ಲದೆ ಬಂದವನು ತನ್ನ ಗುರು ಆಗಿರಲಾರ ಎಂಬುದು ಅವನಿಗೆ ಗೊತ್ತಿತ್ತು.

ಅವನು ನಿಜಕ್ಕೂ ಮುಟ್ಟಿದನೇ? ಸುವಾರ್ತೆ ಹೇಳುವುದಿಲ್ಲ. ಮುಟ್ಟಿಸಿದವನು 1601-02ರ ಸುಮಾರಿಗೆ ಈ ಪ್ರಸಂಗವನ್ನು ಚಿತ್ರವಾಗಿ ಬರೆದ ಇಟಲಿಯ ಕಲಾವಿದ ಕರವಾಜ್ಜೊ. ಅಲ್ಲಿ ಯೇಸುವೇ ತೋಮನ ಮಣಿಕಟ್ಟು ಹಿಡಿದು ಬೆರಳನ್ನು ಪಕ್ಕೆಯ ಸೀಳಿನೊಳಕ್ಕೆ ಒಯ್ಯುತ್ತಾನೆ. ತೋಮನ ಹಣೆ ತುಂಬ ಸುಕ್ಕು, ಭುಜದ ಹತ್ತಿರ ಅಂಗಿಯ ಹೊಲಿಗೆ ಬಿಟ್ಟುಹೋಗಿದೆ. (ಇದೇ ತೋಮ ದಕ್ಷಿಣ ಭಾರತಕ್ಕೆ ಬಂದು ಚೆನ್ನೈನ ಮೈಲಾಪುರದಲ್ಲಿ ಈಟಿಯ ಇರಿತಕ್ಕೆ ಸತ್ತನೆಂಬುದು ಇಲ್ಲಿಯ ಕ್ರೈಸ್ತರ ಪರಂಪರೆಯ ನಂಬಿಕೆ.)

ಗಾಯಗಳನ್ನು ಪಾಪಕ್ಕೆ ತೆತ್ತ ಬೆಲೆಯೆಂದು ತಿಳಿಯುವವರು ಬಹಳ. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಆ ವಿಚಾರಕ್ಕೆ ಗಟ್ಟಿ ತರ್ಕ ಕಟ್ಟಿಕೊಟ್ಟ. ಪಾಪ ಮಾಡಿದ ಮನುಷ್ಯ ದೇವರಿಗೆ ಸಲ್ಲಬೇಕಾದ ಗೌರವವನ್ನು ಬಾಕಿ ಉಳಿಸಿಕೊಂಡಿದ್ದಾನೆ; ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ; ಆದ್ದರಿಂದ ದೇವರೇ ಮನುಷ್ಯನಾದ. ಮುಂದೆ ಪ್ರೊಟೆಸ್ಟಂಟ್ ಸುಧಾರಕರು ಬಾಕಿಯ ಜಾಗದಲ್ಲಿ ಶಿಕ್ಷೆಯನ್ನು ಇಟ್ಟರು. ತರ್ಕ ಚೆನ್ನಾಗಿದೆ. ಆದರೆ ಸಾಲ ತೀರಿದ ಮೇಲೆ ಪತ್ರ ಹರಿದುಹಾಕುವುದು ಲೋಕರೂಢಿ. ತೀರಿದ ಸಾಲದ ಬರಹ ಸಲ್ಲಿಸಿದವನ ಮೈಮೇಲೆ ಯಾಕೆ ಉಳಿಯಬೇಕು? ಆನ್ಸೆಲ್ಮ್‌ನ ಲೆಕ್ಕ ಶುಕ್ರವಾರಕ್ಕೇ ಚುಕ್ತಾ ಆಗುತ್ತದೆ.

ಭಾನುವಾರದ ಪ್ರಶ್ನೆಯನ್ನು ಹದಿಮೂರನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ತಾಮಸ್ ಅಕ್ವಿನಾಸ್ ನೇರವಾಗಿ ಎತ್ತಿಕೊಂಡ. ಗೆಲುವಿನ ಗುರುತು, ಶಿಷ್ಯರಿಗೆ ಪುರಾವೆ, ತಂದೆಯ ಮುಂದೆ ಬಿನ್ನಹ, ಉದ್ಧಾರವಾದವರಿಗೆ ಕರುಣೆಯ ನೆನಪು ಎಂದು ಕಾರಣಗಳನ್ನು ಕೊಡುತ್ತಾ, ಕೊನೆಗೆ ತೀರ್ಪಿನ ದಿನ ತಪ್ಪಿತಸ್ಥರಿಗೆ ಅವರ ಶಿಕ್ಷೆ ಎಷ್ಟು ನ್ಯಾಯವಾದದ್ದೆಂದು ತೋರಿಸುವುದಕ್ಕೆ ಎನ್ನುತ್ತಾನೆ. ಈ ಕೊನೆಯದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ; ಅದಕ್ಕೆ ಆಮೇಲೆ ಬರುತ್ತೇನೆ. ಅಗಸ್ಟೀನನ ಮಾತು ಇನ್ನೂ ಹಳೆಯದು, ಇನ್ನೂ ಹಿತವಾದದ್ದು. ಹುತಾತ್ಮರು ಕಳೆದುಕೊಂಡ ಅಂಗಗಳು ಪುನರುತ್ಥಾನದಲ್ಲಿ ಮರಳಿ ಬಂದರೂ ಗಾಯದ ಕಲೆಗಳು ಉಳಿಯಬಹುದು, ಅವು ಕುಂದಲ್ಲ, ಚೆಲುವು ಎಂದು ಅವನು ಬರೆದ.

ಈ ಮಾತಿನ ತೂಕ ಗೊತ್ತಾಗುವುದು ರೋಗಿಗಳ ನಡುವೆ. ಅಲ್ಸೇಸ್ ಸೀಮೆಯ ಇಸೆನ್‌ಹೈಮಿನ ಮಠದಲ್ಲಿ ಸಂತ ಅಂತೋನಿಯ ಹೆಸರಿನ ಸನ್ಯಾಸಿಗಳು ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈಯೆಲ್ಲ ಉರಿದು, ಕೈಕಾಲು ಕೊಳೆತು ಬಂದವರನ್ನು ನೋಡಿಕೊಳ್ಳುತ್ತಿದ್ದರು. ಆ ಮಠಕ್ಕಾಗಿ ಕಲಾವಿದ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಪೀಠಚಿತ್ರ ಈಗ ಕೊಲ್ಮಾರ್‌ನಲ್ಲಿದೆ. ಶಿಲುಬೆಯ ಮೇಲಿನ ಕ್ರಿಸ್ತನ ಚರ್ಮ ಹಸಿರುಗಟ್ಟಿದೆ, ಮೈತುಂಬ ಹುಣ್ಣು, ಬೆರಳುಗಳು ಸೆಟೆದುಕೊಂಡಿವೆ. ತಮ್ಮ ಕಾಯಿಲೆಯೇ ಅಲ್ಲಿ ತೂಗುತ್ತಿರುವುದನ್ನು ರೋಗಿಗಳು ಕಾಣಬಹುದಿತ್ತು. ಹಬ್ಬದ ದಿನ ಚಿತ್ರದ ಕದ ತೆರೆದರೆ ಒಳಗೆ ಎದ್ದು ಬಂದ ಕ್ರಿಸ್ತ. ಹುಣ್ಣುಗಳೆಲ್ಲ ಹೋಗಿ ಮೈ ಬೆಳಗುತ್ತಿದೆ, ಆದರೆ ಎತ್ತಿದ ಅಂಗೈಗಳಲ್ಲಿ ಮೊಳೆಯ ಗುರುತು ಹಾಗೇ ಇದೆ.

ನಮ್ಮ ಕಾಲದಲ್ಲಿ ಇದನ್ನು ಮುಂದಕ್ಕೆ ಒಯ್ದವರು ಅಮೆರಿಕದ ದೈವಶಾಸ್ತ್ರಜ್ಞೆ ನ್ಯಾನ್ಸಿ ಐಸ್‌ಲ್ಯಾಂಡ್. ಹುಟ್ಟಿನಿಂದ ಮೂಳೆಯ ತೊಂದರೆಯಿದ್ದ ಅವರಿಗೆ, ಸ್ವರ್ಗದಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಸಮಾಧಾನವಾಗಲಿಲ್ಲ. ಹಾಗೆ ಸರಿಹೋದರೆ ನನಗೇ ನನ್ನ ಗುರುತು ಸಿಗುತ್ತದೆಯೇ ಎಂದು ಕೇಳಿದರು. ತೋಮನ ಪ್ರಶ್ನೆಯೇ ಇದು, ತನ್ನ ಮೇಲೆ ತಿರುಗಿಸಿಕೊಂಡದ್ದು. 1994ರಲ್ಲಿ ಬಂದ ಅವರ ಪುಸ್ತಕ, ಕೈಕಾಲಿನಲ್ಲಿ ಗಾಯ ಉಳಿಸಿಕೊಂಡೇ ಎದ್ದ ಕ್ರಿಸ್ತನಲ್ಲಿ ಅಂಗವಿಕಲ ದೇವರನ್ನು ಕಂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಗಾಯದ ಭಕ್ತಿ ಮಾಡಿದ ಹಾನಿಯನ್ನೂ ಹೇಳದಿದ್ದರೆ ಆಗುವುದಿಲ್ಲ. ಮಹಾಮಾರಿ ಪ್ಲೇಗಿನ ಕಾಲದಲ್ಲಿ ಜನ ಬೀದಿಬೀದಿಯಲ್ಲಿ ಚಾಟಿಯಿಂದ ಮೈ ಹರಿದುಕೊಂಡರು; 1349ರಲ್ಲಿ ಪೋಪ್ ಆರನೆಯ ಕ್ಲೆಮೆಂಟ್ ಅದನ್ನು ಖಂಡಿಸಬೇಕಾಯಿತು. ಯೇಸುವಿನ ರಕ್ತದ ಹೊಣೆಯನ್ನು ಇಡೀ ಯೆಹೂದಿ ಜನಾಂಗದ ತಲೆಗೆ ಕಟ್ಟಿ ಶತಮಾನಗಳ ಕಾಲ ಕೊಂದರು. ಆ ಆರೋಪವನ್ನು ಕಥೋಲಿಕ ಸಭೆ ಅಧಿಕೃತವಾಗಿ ತಳ್ಳಿಹಾಕಿದ್ದು 1965ರಲ್ಲಿ. ಗಂಡನ ಏಟು ತಿನ್ನುವ ಹೆಂಗಸಿಗೆ, ಇದು ನಿನ್ನ ಪಾಲಿನ ಶಿಲುಬೆ, ಹೊತ್ತುಕೋ ಎಂದು ಹೇಳುವವರು ಈಗಲೂ ಇದ್ದಾರೆ. ಆದರೆ ಯೇಸುವಿನ ಮೈಮೇಲೆ ಗಾಯ ಮಾಡಿದ್ದು ಅಧಿಕಾರ. ಅದನ್ನು ಉಳಿಸಿಕೊಳ್ಳುವುದು ಎಂದರೆ ಆದ ಅನ್ಯಾಯವನ್ನು ಅಳಿಸಗೊಡದಿರುವುದು. ಇನ್ನಷ್ಟು ಗಾಯ ಬೇಕೆಂದು ಬೇಡುವುದಲ್ಲ.

ಅಕ್ವಿನಾಸ್‌ನ ಕೊನೆಯ ಕಾರಣಕ್ಕೆ ಬರುತ್ತೇನೆ. ಗಾಯ ತೋರಿಸುವುದು ತಪ್ಪಿತಸ್ಥರ ಬಾಯಿ ಮುಚ್ಚಿಸುವುದಕ್ಕೆ ಎಂದಾದರೆ ಶಿಷ್ಯರು ಬಾಗಿಲು ಭದ್ರಪಡಿಸಿ ಕೂತಿದ್ದ ಆ ಕೋಣೆಯಲ್ಲೇ ಮುಚ್ಚಿಸಬಹುದಿತ್ತು. ಅಲ್ಲಿದ್ದವರು ಯಾರು? ಬಂಧಿಸಲು ಬಂದಾಗ ಓಡಿಹೋದವರು. ಇವನಾರೆಂದೇ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ ಪೇತ್ರ. ಯೇಸು ಅವರಿಗೆ ಮೊದಲು ಶಾಂತಿ ಹಾರೈಸಿ, ಆಮೇಲೆ ಕೈ ತೋರಿಸಿದ. ಕ್ಷಮೆ ಇದೆ, ಮರೆವು ಇಲ್ಲ. ಹೀಗೆ ಕೈ ಚಾಚಿ ತೋರಿಸುವ ಹಕ್ಕು ಗಾಯವಾದವನದು. ಸಾಕು, ಮರೆತುಬಿಡು ಎಂದು ಮಿಕ್ಕವರು ಹೇಳುವಂತಿಲ್ಲ.

ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಂಧಾನ ಆಯೋಗ 1996ರಲ್ಲಿ ವರ್ಣಭೇದದ ಕಾಲದ ಅಪರಾಧಗಳ ವಿಚಾರಣೆ ಆರಂಭಿಸಿದಾಗ, ಮರೆತುಬಿಡು ಎನ್ನುವ ಹಕ್ಕು ಯಾರದು ಎಂಬ ಪ್ರಶ್ನೆ ಬೀದಿಗೆ ಬಂತು. ನೊಂದವರು ಎಲ್ಲರೆದುರು ಹೇಳಿಕೊಂಡರು. ರಾಜಕೀಯ ಅಪರಾಧವನ್ನು ಪೂರ್ತಿ ಒಪ್ಪಿಕೊಂಡವರಿಗೆ ಕ್ಷಮಾದಾನದ ಅವಕಾಶವಿತ್ತು. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೋ ಅವರ ಕುಟುಂಬ ಇದನ್ನು ಒಪ್ಪದೆ ಕೋರ್ಟಿಗೆ ಹೋಗಿ ಸೋತಿತು. ಆ ಕುಟುಂಬದ ಹಟವೂ ತೋಮನ ಹಟದಷ್ಟೇ ಧಾರ್ಮಿಕವಾದದ್ದು ಎನ್ನುತ್ತೇನೆ. 1999ರಲ್ಲಿ ಆಯೋಗವೇ ಬಿಕೋ ಪ್ರಕರಣದ ಪೊಲೀಸರಿಗೆ ಕ್ಷಮಾದಾನ ನಿರಾಕರಿಸಿತು. ನಡೆದದ್ದನ್ನು ಅವರು ಪೂರ್ತಿ ಹೇಳಲಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು.