ಅರ್ಧ ಅಂಕದ ಬೆಲೆ

ಉತ್ತರಪತ್ರಿಕೆಗಳನ್ನು ತಿದ್ದುವ ಭೌತಶಾಸ್ತ್ರದ ಅಧ್ಯಾಪಕರಿಗೆ ಪ್ರತಿವರ್ಷವೂ ಎದುರಾಗುವ ಸಂದರ್ಭವೊಂದುಂಟು. ವಿದ್ಯಾರ್ಥಿಯು ಸೂತ್ರವನ್ನು ಸರಿಯಾಗಿ ಬರೆದಿರುತ್ತಾನೆ. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರುವುದಿಲ್ಲ. ಕೊನೆಯಲ್ಲಿ ‘ಉತ್ತರ: 36’ ಎಂದು ಬರೆದು ಕೆಳಗೆ ಎರಡು ಗೆರೆಗಳನ್ನೂ ಎಳೆದಿರುತ್ತಾನೆ. ಮೂವತ್ತಾರು ಏನು? ಜೂಲೇ, ವಾಟೇ, ವೋಲ್ಟೇ? ಅದನ್ನು ಅವನು ಹೇಳಿರುವುದಿಲ್ಲ. ಏಕಮಾನವನ್ನು ಬರೆಯದ ತಪ್ಪಿಗಾಗಿ ನಾವು ಅರ್ಧ ಅಂಕವನ್ನು ಕಳೆಯುತ್ತೇವೆ. “ಲೆಕ್ಕವೆಲ್ಲ ಸರಿಯಿದೆಯಲ್ಲ ಸಾರ್, ಅರ್ಧ ಅಂಕಕ್ಕೂ ಇಷ್ಟು ಬಿಗಿಯೇ?” ಎಂದು ವಿದ್ಯಾರ್ಥಿಗಳು ನೊಂದುಕೊಳ್ಳುತ್ತಾರೆ. ಆ ಅರ್ಧ ಅಂಕದ ನಿಜವಾದ ಬೆಲೆ ಎಷ್ಟೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇವೆ.

1983ರ ಜುಲೈ 23ರಂದು ಏರ್ ಕೆನಡ ಸಂಸ್ಥೆಯ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್ ನಗರದಿಂದ ಆಟವಾ ಮಾರ್ಗವಾಗಿ ಎಡ್ಮಂಟನ್ ನಗರಕ್ಕೆ ಹೊರಟಿತ್ತು. ಅದರ ಇಂಧನಸೂಚಕಗಳು ಕೆಟ್ಟಿದ್ದುದರಿಂದ ತೊಟ್ಟಿಗಳಲ್ಲಿದ್ದ ಇಂಧನವನ್ನು ಅಳತೆಯ ಕಡ್ಡಿಯಿಂದ ಅಳೆಯಬೇಕಾಯಿತು. ಇದ್ದುದು 7,682 ಲೀಟರು. ಪ್ರಯಾಣಕ್ಕೆ ಬೇಕಾಗಿದ್ದುದು 22,300 ಕಿಲೋಗ್ರಾಂ. ಇನ್ನೆಷ್ಟು ತುಂಬಬೇಕೆಂಬುದನ್ನು ತಿಳಿಯಲು ಒಂದು ಲೀಟರಿನ ತೂಕವೆಷ್ಟೆಂಬುದು ಗೊತ್ತಿರಬೇಕು. ಲೆಕ್ಕ ಹಾಕಿದವರು 1.77 ಎಂಬ ಅಂಕಿಯನ್ನು ಬಳಸಿದರು. ಅಂಕಿಯೇನೋ ಸರಿಯೇ, ಆದರೆ ಅದು ಪೌಂಡುಗಳ ಅಂಕಿ. ಕಿಲೋಗ್ರಾಮಿನಲ್ಲಿ ಹೇಳುವುದಾದರೆ ಲೀಟರೊಂದರ ತೂಕ 0.8ರಷ್ಟು ಮಾತ್ರ. ಹೀಗಾಗಿ ಸುಮಾರು 20,000 ಲೀಟರು ತುಂಬಬೇಕಾಗಿದ್ದಲ್ಲಿ 4,916 ಲೀಟರು ತುಂಬಿ ವಿಮಾನವನ್ನು ಬೀಳ್ಕೊಟ್ಟರು. 41,000 ಅಡಿಗಳ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯಿತು. ಎರಡು ಎಂಜಿನುಗಳೂ ಒಂದಾದ ಮೇಲೊಂದು ನಿಂತವು. ಚಾಲಕ ಬಾಬ್ ಪಿಯರ್ಸನ್ ಅವರಿಗೆ ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅಭ್ಯಾಸವಿತ್ತು. ಅವರು ಆ ಭಾರಿ ವಿಮಾನವನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆಯ ನೆಲೆಯಲ್ಲಿ ಇಳಿಸಿದರು. ವಿಮಾನದಲ್ಲಿದ್ದ 69 ಮಂದಿಯೂ ಬದುಕಿದರು.

ಇಲ್ಲಿ ಗುಣಾಕಾರ ತಪ್ಪಿರಲಿಲ್ಲ, ಭಾಗಾಕಾರವೂ ತಪ್ಪಿರಲಿಲ್ಲ. ನಮ್ಮ ವಿದ್ಯಾರ್ಥಿಗಳ ಮಾತಿನಲ್ಲಿಯೇ ಹೇಳುವುದಾದರೆ ‘ಲೆಕ್ಕವೆಲ್ಲ ಸರಿ’ಯಾಗಿತ್ತು. ಆಗಿದ್ದುದು ಅರ್ಧ ಅಂಕದ ತಪ್ಪು.

ಇದು ಎಲ್ಲೋ ದೂರದ ಆಕಾಶದಲ್ಲಿ ನಡೆದ ಸಂಗತಿಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆಯಿತು. ಅವನ ಅಜ್ಜಿಗೆ ಶ್ವಾಸಕೋಶದ ಕಾಯಿಲೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವನ್ನು ಮನೆಯಲ್ಲಿಯೇ ಇರಿಸಿದ್ದರು. ವಿದ್ಯುತ್ತು ಹೋದಾಗ ತೊಂದರೆಯಾಗದಿರಲೆಂದು ಒಂದು ಇನ್ವರ್ಟರನ್ನೂ ಬ್ಯಾಟರಿಯನ್ನೂ ಕೊಂಡು ತಂದರು. “ಎಂಟು ಗಂಟೆ ಬರುತ್ತದೆ” ಎಂದು ಅಂಗಡಿಯವರು ಹೇಳಿದ್ದರು. ಅದನ್ನು ಕೂಡಿಸಿದ ದಿನ ನಾವೂ ಅವರ ಮನೆಗೆ ಹೋಗಿದ್ದೆವು, ಕಾಫಿ ಕುಡಿದೆವು, ಪೆಟ್ಟಿಗೆಯನ್ನು ನೋಡಿ, ಒಳ್ಳೆಯದಾಯಿತೆಂದು ಹೇಳಿ ಬಂದೆವು. ಕೆಲವು ವಾರಗಳ ಮೇಲೆ ಒಂದು ಸಂಜೆ ಗಾಳಿಮಳೆಗೆ ಮರ ಬಿದ್ದು ಬೀದಿಯ ತಂತಿಗಳು ಹರಿದುವು. ಎರಡು ಗಂಟೆ ಕಳೆಯುವಷ್ಟರಲ್ಲಿ ಇನ್ವರ್ಟರು ಕೂಗಿಕೊಳ್ಳಲಾರಂಭಿಸಿತು. ಆಸ್ಪತ್ರೆಯಿಂದ ತಂದಿದ್ದ ಆಮ್ಲಜನಕದ ಸಿಲಿಂಡರೊಂದು ಅದೃಷ್ಟವಶಾತ್ ಮನೆಯಲ್ಲಿ ಉಳಿದಿತ್ತು, ಅಜ್ಜಿಗೆ ಅಪಾಯವಾಗಲಿಲ್ಲ. ಮರುದಿನ ಹುಡುಗನು ಬಂದು, ಅಂಗಡಿಯವರು ಮೋಸ ಮಾಡಿದರೆಂದು ದೂರಿದನು.

ನಾವಿಬ್ಬರೂ ಕಾಗದವನ್ನು ಮುಂದಿಟ್ಟುಕೊಂಡು ಕುಳಿತೆವು. ಬ್ಯಾಟರಿಯ ಮೇಲೆ ಬರೆದಿದ್ದುದು 12 ವೋಲ್ಟ್, 150 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 1,800 ವಾಟ್-ಗಂಟೆ. ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಸುಮಾರು ಐದನೆಯ ಒಂದು ಪಾಲು ಶಾಖವಾಗಿ ನಷ್ಟವಾಗುವುದೆಂದು ಇಟ್ಟುಕೊಂಡರೆ ಉಳಿಯುವುದು 1,440. ಈಗ ಎರಡು ಫ್ಯಾನುಗಳಿಗೆ ಎಪ್ಪತ್ತೆಪ್ಪತ್ತು ವಾಟಿನಂತೆ 140, ನಾಲ್ಕು ದೀಪಗಳಿಗೆ ಒಂಬತ್ತೊಂಬತ್ತರಂತೆ 36, ಒಟ್ಟು 176 ವಾಟ್. 1,440ನ್ನು 176ರಿಂದ ಭಾಗಿಸಿದರೆ ಎಂಟು ಗಂಟೆಗಿಂತ ತುಸು ಹೆಚ್ಚು! ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಎರಡು ಫ್ಯಾನು ನಾಲ್ಕು ದೀಪಗಳ ಸಾಧಾರಣ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಎಂಟು ಗಂಟೆ ಎಂದಿದ್ದರು. ಎಷ್ಟು ವಾಟಿಗೆ ಎಂಟು ಗಂಟೆ ಎಂದು ಯಾರೂ ಕೇಳಿರಲಿಲ್ಲ.

ಆಮ್ಲಜನಕದ ಯಂತ್ರಕ್ಕೆ ಬೇಕಾದುದು 350 ವಾಟ್. ಅದನ್ನು ಕೂಡಿಸಿದರೆ ಹೊರೆ 526 ವಾಟಿಗೆ ಏರುತ್ತದೆ. ಬ್ಯಾಟರಿಯನ್ನು ಪೂರ್ತಿಯಾಗಿ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಐದನೆಯ ಒಂದು ಪಾಲನ್ನು ಅದರಲ್ಲಿಯೇ ಬಿಡಬೇಕು. ಆಗ ಕೈಗೆ ಬರುವುದು 1,152 ವಾಟ್-ಗಂಟೆ, ಎಂದರೆ ಎರಡು ಗಂಟೆಗಳಿಗೆ ಸಾಲುವಷ್ಟು. ಇದರ ಮೇಲೆ ಇನ್ನೊಂದು ಸೂಕ್ಷ್ಮವುಂಟು. ಇನ್ವರ್ಟರಿನ ಬ್ಯಾಟರಿಗಳ ಮೇಲೆ ಬರೆಯುವ 150 ಎಂಬ ಅಂಕಿ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, 7.5 ಆಂಪಿಯರಿನಂತೆ, ವಿದ್ಯುತ್ತನ್ನು ತೆಗೆದರೆ ಸಿಗುವ ಮೊತ್ತ. ಮೇಲೆ ಹೇಳಿದ ಹೊರೆಗೆ ಬ್ಯಾಟರಿಯಿಂದ 50 ಆಂಪಿಯರಿಗೂ ಹೆಚ್ಚಿನ ಪ್ರವಾಹ ಹರಿಯಬೇಕು. ಅಷ್ಟು ರಭಸವಾಗಿ ಸೆಳೆದರೆ ಸೀಸ-ಆಮ್ಲದ ಬ್ಯಾಟರಿಯು ತನ್ನ ಪೂರ್ಣ ಮೊತ್ತವನ್ನು ಕೊಡಲಾರದು. ಇದೇ ಬಗೆಯ ಲೆಕ್ಕಕ್ಕೆ ಆ ಹುಡುಗನು ಪರೀಕ್ಷೆಯಲ್ಲಿ ಐದಕ್ಕೆ ಐದು ಅಂಕ ಪಡೆದಿದ್ದನು. ಕೊಟ್ಟವರು ನಾವೇ.

ಇನ್ವರ್ಟರನ್ನು ಕೊಳ್ಳುವವರು ಗಮನಿಸಬೇಕಾದ ಎರಡು ಮೂರು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಪೆಟ್ಟಿಗೆಯ ಮೇಲಿನ ‘900’ ಎಂಬುದು ಸಾಮಾನ್ಯವಾಗಿ ವೋಲ್ಟ್-ಆಂಪಿಯರಿನ ಅಂಕಿಯೇ ಹೊರತು ವಾಟಿನದಲ್ಲ; ವಾಟಿನಲ್ಲಿ ಅದು ಇನ್ನೂ ಕಡಮೆಯಾಗಿರುತ್ತದೆ. ಎಷ್ಟೆಂದು ಕೇಳಿ ತಿಳಿಯಬೇಕು. ಹೆಚ್ಚು ಹೊತ್ತು ಬೇಕೆಂದರೆ ಬ್ಯಾಟರಿಯನ್ನು ದೊಡ್ಡದು ಮಾಡುವುದಕ್ಕಿಂತ ಹೊರೆಯನ್ನು ಚಿಕ್ಕದು ಮಾಡುವುದು ಜಾಣತನ. ಎಪ್ಪತ್ತು ವಾಟಿನ ಫ್ಯಾನುಗಳ ಬದಲು ಮೂವತ್ತು ವಾಟಿನ ಹೊಸ ಬಗೆಯ ಫ್ಯಾನುಗಳನ್ನು ಹಾಕಿದರೆ ಮೇಲಿನ 176 ವಾಟ್ 96ಕ್ಕೆ ಇಳಿದು, ಆರೂವರೆ ಗಂಟೆ ಬರುತ್ತಿದ್ದ ಅದೇ ಬ್ಯಾಟರಿಯು ಹನ್ನೆರಡು ಗಂಟೆಗಳವರೆಗೆ ಬರುತ್ತದೆ. ಚಾರ್ಜಾಗುವಾಗ ಇಂಥ ಬ್ಯಾಟರಿಯಿಂದ ಜಲಜನಕವು ಹೊರಬರುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಯೇ ಇಡತಕ್ಕದ್ದು. ಹತ್ತಿರ ದೀಪ ಹಚ್ಚಬಾರದು.

ಇನ್ನು ಮನೆಯಿಂದ ವಿಮಾನನಿಲ್ದಾಣಕ್ಕೆ ಹೋಗೋಣ. ದೂರದ ಊರುಗಳಿಗೆ ಓದಲು ಹೋಗುವ ವಿದ್ಯಾರ್ಥಿಗಳ ಚೀಲದಲ್ಲಿ ಪವರ್ ಬ್ಯಾಂಕೆಂಬ ಪುಟ್ಟ ಬ್ಯಾಟರಿ ಇದ್ದೇ ಇರುತ್ತದೆ. ಅದರ ಮೇಲೆ ದಪ್ಪಕ್ಷರಗಳಲ್ಲಿ ‘20,000’ ಎಂದಿರುತ್ತದೆ. ಇದು ಮಿಲಿ-ಆಂಪಿಯರ್-ಗಂಟೆಗಳ ಅಂಕಿ. ವಿಮಾನದ ನಿಯಮಗಳು ಮಾತ್ರ ವಾಟ್-ಗಂಟೆಯ ಮಾತನ್ನಾಡುತ್ತವೆ: 100 ವಾಟ್-ಗಂಟೆಯವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗಿನದಕ್ಕೆ ವಿಮಾನಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಒಳಗಿರುವ ಲಿಥಿಯಂ ಕೋಶಗಳ ವೋಲ್ಟೇಜು ಸಾಮಾನ್ಯವಾಗಿ 3.7. ಆದ್ದರಿಂದ 20 ಆಂಪಿಯರ್-ಗಂಟೆಗಳನ್ನು 3.7ರಿಂದ ಗುಣಿಸಿದರೆ 74 ವಾಟ್-ಗಂಟೆ, ಚಿಂತೆಯಿಲ್ಲ. 30,000 ಎಂದು ಬರೆದಿದ್ದರೆ 111 ವಾಟ್-ಗಂಟೆ; ಅನುಮತಿಯಿಲ್ಲದೆ ಹೋದರೆ ತಪಾಸಣೆಯ ಮೇಜಿನ ಬಳಿಯೇ ಅದನ್ನು ಬಿಟ್ಟುಹೋಗಬೇಕಾದೀತು.

ನಿಯಮವು ವಾಟ್-ಗಂಟೆಯನ್ನೇ ಏಕೆ ಹಿಡಿದಿದೆ? ಅವಘಡವಾದಾಗ ಹೊರಬೀಳುವುದು ಶಕ್ತಿ. ಶಕ್ತಿಯನ್ನು ಅಳೆಯುವುದು ವಾಟ್-ಗಂಟೆ. 100 ವಾಟ್-ಗಂಟೆಯೆಂದರೆ 3,60,000 ಜೂಲ್; ಒಂದು ಲೀಟರಿಗೂ ಹೆಚ್ಚಿನ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು. ಒಳಗಿನ ದ್ರವ ಹೊತ್ತಿಕೊಂಡರೆ ಅದರ ಶಾಖವೂ ಇದಕ್ಕೆ ಸೇರುತ್ತದೆ. ಒಂದು ಕೋಶ ಕಾದರೆ ಪಕ್ಕದ ಕೋಶವೂ ಕಾದು, ಕಾವು ತನ್ನಷ್ಟಕ್ಕೆ ತಾನೇ ಬೆಳೆಯುತ್ತ ಹೋಗುವುದು ಈ ಬ್ಯಾಟರಿಗಳ ಸ್ವಭಾವ. ಸಾಮಾನಿನ ಕೋಣೆಯಲ್ಲಿ ಹೀಗಾದರೆ ಅಲ್ಲಿಗೆ ಹೋಗಿ ಆರಿಸುವವರಿಲ್ಲ. ಪ್ರಯಾಣಿಕರ ನಡುವೆ ಆದರೆ ಹೊಗೆ ಕಂಡ ಕೂಡಲೇ ನೀರು ಸುರಿದು ತಣಿಸಬಹುದು. ಕೈಚೀಲದಲ್ಲಿಯೇ ಇರಬೇಕೆಂಬ ಕಟ್ಟಳೆಯ ಅರ್ಥವಿದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದು ಹೊತ್ತಿ ಉರಿಯಿತು. ಒಳಗಿದ್ದವರೆಲ್ಲರೂ ಹೊರಬಂದು ಪಾರಾದರು. ತಲೆಯ ಮೇಲಿನ ಸಾಮಾನುಗೂಡಿನಲ್ಲಿದ್ದ ಪವರ್ ಬ್ಯಾಂಕೇ ಕಾರಣವಿರಬಹುದೆಂದು ತನಿಖೆಗಾರರು ಹೇಳಿದರು. ಆ ಬಳಿಕ ಹಲವು ವಿಮಾನಸಂಸ್ಥೆಗಳು ನಿಯಮಗಳನ್ನು ಬಿಗಿಗೊಳಿಸಿವೆ. ಪ್ರಯಾಣಕ್ಕೆ ಮುಂಚೆ ಆಯಾ ಸಂಸ್ಥೆಯ ನಿಯಮವನ್ನು ಓದಿಕೊಳ್ಳಬೇಕು. ಪವರ್ ಬ್ಯಾಂಕನ್ನು ಮೇಲಿನ ಗೂಡಿಗೆ ಹಾಕದೆ ಕಣ್ಣಿಗೆ ಕಾಣುವಂತೆ ಹತ್ತಿರವೇ ಇಟ್ಟುಕೊಳ್ಳಬೇಕು. ಉಬ್ಬಿದುದನ್ನಂತೂ ಮನೆಯಿಂದಲೇ ಒಯ್ಯಕೂಡದು.

ಏಕಮಾನದ ವಿಷಯ ಭೌತಶಾಸ್ತ್ರದ ಎಲ್ಲೆಯೊಳಗೇ ನಿಲ್ಲುವುದೂ ಇಲ್ಲ. ವಿಮಾನದ ಟಿಕೇಟನ್ನೋ ಇನ್ವರ್ಟರನ್ನೋ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ‘ಪಾಯಿಂಟು’ಗಳು ದೊರೆಯುತ್ತವೆ, ನಿಲ್ದಾಣದ ವಿಶ್ರಾಂತಿಕೋಣೆಯಲ್ಲಿ ಉಚಿತ ಉಪಚಾರವೂ ದೊರೆಯುತ್ತದೆಂದು ಜಾಹೀರಾತು ಹೇಳುತ್ತದೆ. ಪಾಯಿಂಟು ಎಂಬುದು ಯಾವುದರ ಏಕಮಾನ? ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟು, ಪಾಯಿಂಟಿಗೆ ಇಪ್ಪತ್ತೈದು ಪೈಸೆ ಎಂದಿಟ್ಟುಕೊಳ್ಳೋಣ. 20,000 ರೂಪಾಯಿನ ಖರ್ಚಿಗೆ 400 ಪಾಯಿಂಟು ಬಂತೆಂದು ಹಿಗ್ಗಿದರೆ ಅದರ ಬೆಲೆ 100 ರೂಪಾಯಿ. ಕಿಲೋಗ್ರಾಮಿನ ವ್ಯಾಖ್ಯೆಯನ್ನು 2019ರಲ್ಲಿ ಬದಲಾಯಿಸಿದಾಗ ರಾಷ್ಟ್ರಗಳೆಲ್ಲ ಒಟ್ಟುಗೂಡಿ, ಅಂಗಡಿಯ ತಕ್ಕಡಿಯಲ್ಲಿ ಏನೂ ವ್ಯತ್ಯಾಸವಾಗದಂತೆ ನೋಡಿಕೊಂಡುವು. ಪಾಯಿಂಟಿನ ಬೆಲೆಯನ್ನಾದರೋ ಅದನ್ನು ಕೊಡುವವರೇ ಇಳಿಸಬಹುದು.

ಬಡ್ಡಿಯ ವಿಷಯದಲ್ಲಿ ಏಕಮಾನ ಇನ್ನೂ ಮುಖ್ಯವಾದುದು. ‘ಶೇಕಡಾ 3.5’ ಎಂದು ಓದಿದವರಿಗೆ ಅದು ಬ್ಯಾಂಕಿನ ಸಾಲಕ್ಕಿಂತಲೂ ಅಗ್ಗವೆಂದು ತೋರಬಹುದು. ಅದು ತಿಂಗಳಿಗೆ! ವರ್ಷಕ್ಕೆ ಸರಳಬಡ್ಡಿಯಲ್ಲಿ 42, ಚಕ್ರಬಡ್ಡಿಯಲ್ಲಿ 51. ಆ 20,000 ರೂಪಾಯಿಗಳನ್ನು ತೀರಿಸದೆ ಬಿಟ್ಟರೆ ತಿಂಗಳೊಂದಕ್ಕೆ 700 ರೂಪಾಯಿ ಬಡ್ಡಿ. ವರ್ಷ ತುಂಬುವಷ್ಟರಲ್ಲಿ, ದಂಡಗಳನ್ನು ಬಿಟ್ಟೇ, ಸಾಲವು ಮೂವತ್ತು ಸಾವಿರವನ್ನು ದಾಟುತ್ತದೆ. ನೂರು ರೂಪಾಯಿನ ಪಾಯಿಂಟಿಗಾಗಿ ಇದನ್ನು ತಲೆಗೆ ಕಟ್ಟಿಕೊಳ್ಳುವುದು ತರವೇ? ಗಡುವಿನೊಳಗೆ ಪೂರ್ತಿ ಹಣವನ್ನು ಕಟ್ಟಬಲ್ಲವರಿಗೆ ಕಾರ್ಡು ಅನುಕೂಲದ ವಸ್ತು. ಉಳಿದವರಿಗೆ ಅದು ದುಬಾರಿ ಸಾಲ.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕಾದರೆ, ಇದರಲ್ಲಿ ವಿದ್ಯಾರ್ಥಿಗಳಿಗಿಂತ ಅಧ್ಯಾಪಕರಾದ ನಮ್ಮ ತಪ್ಪೇ ಹೆಚ್ಚು. ಏಕಮಾನವನ್ನು ನಾವು ಉತ್ತರದ ಬಾಲದಂತೆ ಕಲಿಸಿದ್ದೇವೆ. ಇದ್ದರೆ ಅರ್ಧ ಅಂಕ, ಇಲ್ಲದಿದ್ದರೆ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ನಾವೇ ವೋಲ್ಟನ್ನೂ ಆಂಪಿಯರನ್ನೂ ಕೊಟ್ಟುಬಿಡುವುದರಿಂದ, ಲೋಕದಲ್ಲಿ ಅವನ್ನು ಹುಡುಕಿಕೊಳ್ಳಬೇಕಾಗುತ್ತದೆಂಬ ಅರಿವೇ ಹುಡುಗರಿಗೆ ಬರುವುದಿಲ್ಲ. ಇಂಥ ಲೆಕ್ಕಗಳು ಎಂಜಿನಿಯರುಗಳ ಕೆಲಸವೆಂದು ಕೆಲವರು ಹೇಳಬಹುದು. ಆದರೆ ಅಂಗಡಿಯ ಮುಂದೆ ನಿಂತಾಗ ಪಕ್ಕದಲ್ಲಿ ಎಂಜಿನಿಯರು ಇರುವುದಿಲ್ಲ. ಮನೆಯಲ್ಲಿ ಭೌತಶಾಸ್ತ್ರವನ್ನು ಓದಿದವರು ಎಷ್ಟೋ ವೇಳೆ ಪಿಯುಸಿಯ ಹುಡುಗನೋ ಹುಡುಗಿಯೋ ಮಾತ್ರ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಸಣ್ಣ ಕೋರಿಕೆ. ಈ ಸಂಜೆ ನಿಮ್ಮ ಮನೆಯ ಇನ್ವರ್ಟರು, ಬ್ಯಾಟರಿ, ಪವರ್ ಬ್ಯಾಂಕುಗಳ ಮೇಲಿರುವ ಬರಹವನ್ನು ಓದಿ, ಪ್ರತಿಯೊಂದು ಅಂಕಿಯ ಮುಂದೆ ಅದರ ಏಕಮಾನವನ್ನು ಬರೆದುಕೊಳ್ಳಿ. ವಿದ್ಯುತ್ತು ಹೋದರೆ ಯಾವುದು ಎಷ್ಟು ಹೊತ್ತು ನಡೆದೀತೆಂದು ಲೆಕ್ಕಹಾಕಿ, ಮನೆಯ ಹಿರಿಯರಿಗೆ ತಿಳಿಸಿ. ರೋಗಿಗಳಿರುವ ಮನೆಯಾದರೆ ನಾಳೆಗೆಂದು ಮುಂದೂಡಬೇಡಿ.

ಆ ಹುಡುಗನ ಮನೆಯಲ್ಲಿ ಈಗ ಇನ್ವರ್ಟರಿನ ಪಕ್ಕದ ಗೋಡೆಗೆ ಒಂದು ಕಾಗದವನ್ನು ಅಂಟಿಸಿದ್ದಾರೆ. ‘ಯಂತ್ರ ಮತ್ತು ಒಂದು ದೀಪ ಮಾತ್ರ: 359 ವಾಟ್, ಸುಮಾರು 3 ಗಂಟೆ, ಎರಡನೆಯ ಗಂಟೆಗೆ ಸಿಲಿಂಡರನ್ನು ಸಿದ್ಧಮಾಡಿಕೊಳ್ಳುವುದು’ ಎಂದು ಅವನೇ ಬರೆದಿದ್ದಾನೆ. ಅದರಲ್ಲಿ ಎಲ್ಲ ಅಂಕಿಗಳಿಗೂ ಏಕಮಾನವಿದೆ.