ಸೀಳು ಎಲ್ಲಿದೆ ಎಂಬುದೇ ಪ್ರಶ್ನೆ

ಮಹಾಪಧಮನಿ ದೇಹದ ಅತಿ ದೊಡ್ಡ ರಕ್ತನಾಳ. ಹಿಡಿ ಬಾಗಿದ ಊರುಗೋಲಿನ ಆಕಾರದ ಇದು ಹೃದಯದಿಂದ ಮೇಲೇರಿ, ಕಮಾನಿನಂತೆ ಬಾಗಿ, ಬೆನ್ನೆಲುಬಿನ ಮುಂದೆ ಹೊಟ್ಟೆಯವರೆಗೆ ಇಳಿಯುತ್ತದೆ. ಇದರ ಗೋಡೆಗೆ ಮೂರು ಪದರಗಳು. ಒಳಪದರ ಹರಿದರೆ, ಒತ್ತಡದಿಂದ ನುಗ್ಗುವ ರಕ್ತ ನಡುಪದರವನ್ನು ಸೀಳಿಕೊಂಡು ಕಳ್ಳದಾರಿ ಮಾಡಿಕೊಳ್ಳುತ್ತದೆ. ಎದೆ ಅಥವಾ ಬೆನ್ನಿನಲ್ಲಿ ಹಠಾತ್ತನೆ ಸಹಿಸಲಾಗದ ನೋವು. ಅನೇಕ ಸಲ ಇದಕ್ಕೆ ಮೂಲ, ಹತೋಟಿಗೆ ಬಾರದ ರಕ್ತದೊತ್ತಡ.

ಈ ನೋವು ಹೃದಯಾಘಾತದ ನೋವಿನಂತೆಯೇ ತೋರಬಹುದು. ಆದರೆ ಹೃದಯಾಘಾತಕ್ಕೆ ಕೊಡುವ, ಹೆಪ್ಪು ಕರಗಿಸುವ ಔಷಧಿ ಇಲ್ಲಿ ಪ್ರಾಣಕ್ಕೇ ಎರವಾದೀತು. ಸಿ.ಟಿ. ಸ್ಕ್ಯಾನ್‌ನಲ್ಲಿ ಸೀಳು ಖಚಿತವಾದ ಮೇಲೆ ವೈದ್ಯರು ಕೇಳುವ ಮುಖ್ಯ ಪ್ರಶ್ನೆ: ಅದು ಎಲ್ಲಿದೆ?

ಅಮೆರಿಕದ ಹ್ಯೂಸ್ಟನ್ ನಗರದ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ಮತ್ತು ಸಂಗಡಿಗರು 1965ರಲ್ಲಿ ಸೀಳುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಏರುಭಾಗದಲ್ಲಿ ಹುಟ್ಟಿ ಕಮಾನನ್ನೂ ದಾಟಿ ಹರಡಿದ್ದು ಮೊದಲನೆಯದು; ಏರುಭಾಗದಲ್ಲೇ ನಿಂತದ್ದು ಎರಡನೆಯದು; ಇಳಿಭಾಗದಲ್ಲಿ ಹುಟ್ಟಿದ್ದು ಮೂರನೆಯದು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇದನ್ನು ಇನ್ನಷ್ಟು ಸರಳಗೊಳಿಸಿದರು. ಏರುಭಾಗ ಸೀಳಿದ್ದರೆ ‘ಎ’, ಇಲ್ಲದಿದ್ದರೆ ‘ಬಿ’.

ಈ ಎರಡು ಅಕ್ಷರಗಳ ಮೇಲೆ ಚಿಕಿತ್ಸೆ ನಿಂತಿದೆ. ಹೃದಯಕ್ಕೆ ರಕ್ತ ಒದಗಿಸುವ ನಾಳಗಳು ಹೊರಡುವುದು ಏರುಭಾಗದ ಬುಡದಿಂದ. ಹೃದಯದ ಕವಾಟವಿರುವುದೂ ಅಲ್ಲೇ. ಅಲ್ಲಿ ಗೋಡೆ ಒಡೆದರೆ ರಕ್ತ ಹೃದಯದ ಹೊರಚೀಲದೊಳಗೆ ತುಂಬಿ ಬಡಿತವನ್ನೇ ಅಮುಕಿಬಿಡುತ್ತದೆ. ಚಿಕಿತ್ಸೆಯಿಲ್ಲದ ‘ಎ’ ಬಗೆಯಲ್ಲಿ ಮೊದಲ ಎರಡು ದಿನ ಗಂಟೆಗೆ ಶೇ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆಂಬುದು ಬಹುಕಾಲದ ಅಂದಾಜು. ಆದ್ದರಿಂದ ತಡಮಾಡದೆ ಎದೆ ತೆರೆದು, ಸೀಳಿದ ಭಾಗ ತೆಗೆದು, ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಡಿಬೇಕಿ 1950ರ ದಶಕದಲ್ಲಿ ಇಂಥ ಕೊಳವೆಗಳನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದು ನೋಡಿದ್ದರು! ‘ಬಿ’ ಬಗೆಯಲ್ಲಿ ತೊಡಕಿಲ್ಲದಿದ್ದರೆ ರಕ್ತದೊತ್ತಡ, ನಾಡಿಬಡಿತ ತಗ್ಗಿಸುವ ಔಷಧಿ ಸಾಕಾಗಬಹುದು. ಅಂಗಗಳಿಗೆ ರಕ್ತ ನಿಂತರೆ ಅಥವಾ ನಾಳ ಒಡೆಯುವಂತಿದ್ದರೆ ತೊಡೆಸಂದಿನ ನಾಳದ ಮೂಲಕ ಸ್ಟೆಂಟ್ ಕೊಳವೆ ಇಳಿಸುತ್ತಾರೆ.

2005ರ ಡಿಸೆಂಬರ್ 31ರಂದು ಈ ನೋವು ಸ್ವತಃ ಡಿಬೇಕಿಯವರಿಗೇ ಬಂತು. ಆಗ ಅವರಿಗೆ 97 ವರ್ಷ. ಅವರದೇ ಪಟ್ಟಿಯ ಪ್ರಕಾರ ಅದು ಎರಡನೆಯ ಬಗೆ, ಅಂದರೆ ‘ಎ’. ಶಸ್ತ್ರಚಿಕಿತ್ಸೆಯೇ ದಾರಿ ಎಂದು ಜಗತ್ತಿಗೆ ತೋರಿಸಿದವರು ತಾವು ಮಾತ್ರ ಅದಕ್ಕೆ ಒಪ್ಪಲಿಲ್ಲ. ಸ್ಥಿತಿ ಬಿಗಡಾಯಿಸಿ ಪ್ರಜ್ಞೆ ತಪ್ಪಿದಾಗ, ಆಸ್ಪತ್ರೆಯಲ್ಲಿ ಬಿಸಿಬಿಸಿ ಚರ್ಚೆಯಾಗಿ, 2006ರ ಫೆಬ್ರುವರಿಯಲ್ಲಿ ಸಹೋದ್ಯೋಗಿಗಳೇ ಅವರ ಎದೆ ತೆರೆದರು. ಚೇತರಿಸಿಕೊಂಡ ಅವರು 2008ರ ಜುಲೈವರೆಗೆ ಬದುಕಿದರು.

ಇದು ವಯಸ್ಸಾದವರ ಕಾಯಿಲೆ ಮಾತ್ರವಲ್ಲ. ಅತಿ ಎತ್ತರ, ನೀಳ ಬೆರಳುಗಳು ಕಾಣುವ ಮಾರ್ಫನ್ ಎಂಬ ವಂಶವಾಹಿ ದೋಷವಿದ್ದರೆ ಹರೆಯದಲ್ಲೇ ಮಹಾಪಧಮನಿ ಹಿಗ್ಗಿ ಸೀಳಬಹುದು. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರಲ್ಲಿ, 31ರ ವಯಸ್ಸಿನಲ್ಲಿ, ಹೀಗೆಯೇ ತೀರಿಕೊಂಡರು. ಮನೆತನದಲ್ಲಿ ಇಂಥ ಸಾವು ಸಂಭವಿಸಿದ್ದರೆ ಮಕ್ಕಳಿಗೂ ಎಕೋ ಪರೀಕ್ಷೆ ಮಾಡಿಸುವುದು ಒಳಿತು. ಸೀಳುವ ಮೊದಲೇ ಹಿಗ್ಗಿದ್ದು ಗೊತ್ತಾದರೆ ತಡೆಯಲು ದಾರಿಯಿದೆ.